ಮೊದಲು ಚೀಟಿ ಎತ್ತಿ, ಆಮೇಲೆ ಪಾಠ ಮಾಡಿ

ಹೊಸ ವಿಧಾನದಿಂದಲೇ ಅಂಕ ಹೆಚ್ಚಿತು ಅಂತ ಹೇಗೆ ಹೇಳ್ತೀರಿ? ರಾಯದುರ್ಗದಲ್ಲಿ ಪ್ರಯೋಗ ಮಾಡಿಸಿ, ಮಡಕಶಿರಾದಲ್ಲಿ ಬರೀ ಬೋರ್ಡಿನ ಪಾಠ ಮಾಡಿ ಹೋಲಿಸಿದರೆ ಮೇಷ್ಟ್ರು, ಮನೆಮಾತು, ಹಾಜರಾತಿ ಎಲ್ಲವೂ ಬೇರೆ. ಅಂಕ ಯಾವುದರ ಫಲ?

2005ರಲ್ಲಿ ಅವಿಭಜಿತ ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ 500 ಸರ್ಕಾರಿ ಶಾಲೆಗಳ ಅಧ್ಯಯನ ಶುರು ಮಾಡಿದರು. ಆಯಾ ಮಂಡಲದೊಳಗೇ ಲಾಟರಿ ಎತ್ತಿ ಶಾಲೆಗಳನ್ನು ಐದು ಗುಂಪು ಮಾಡಿದರು. ಒಂದು ಗುಂಪಿಗೆ ಹೊಸದೇನೂ ಕೊಡಲಿಲ್ಲ. ಹೋಲಿಕೆಗೆ ಅದೇ ಅಳತೆಗೋಲು.

ನೀವೂ ಒಂದೇ ತರಗತಿಯನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಮೊದಲು ಕಿರುಪರೀಕ್ಷೆ ಇಡಿ. ಶಿಕ್ಷಕರು, ಅವಧಿ, ಪ್ರಶ್ನೆಪತ್ರಿಕೆ ಒಂದೇ ಇರಲಿ. ಹೆಸರು ಮುಚ್ಚಿ ಬೇರೆಯವರು ತಿದ್ದಲಿ. ಮುಗಿದ ಮೇಲೆ ಉಳಿದ ಮಕ್ಕಳಿಗೂ ಪ್ರಯೋಗ ಮಾಡಿಸಿ.

ಕನ್ನಡ ಮಾಧ್ಯಮದವರು ಹಿಂದೆ ಅಂತ ಯಾರಾದರೂ ಅಂಕಪಟ್ಟಿ ಹಿಡಿದು ಬಂದರೂ ಇದನ್ನೇ ಕೇಳಿ: ಹೋಲಿಸಿದ್ದು ಸಮಾನರನ್ನೇನು?