ನೋಟ್‌ಬುಕ್ ತೋರಿಸುವ ಹಳೆಯ ಉತ್ತರ

ಪ್ರಶ್ನೆ: ಜುಪಿಟರ್ ನೋಟ್‌ಬುಕ್‌ನಲ್ಲಿ ಅಂಕಿಯನ್ನು ತಿದ್ದಿದರೂ ಮೊತ್ತ ಬದಲಾಗದಿರುವುದೇಕೆ? ಆರಂಭದ ಪಾಠಗಳಲ್ಲಿ ಇದನ್ನು ಹೇಗೆ ಕಲಿಸಬೇಕು? (ಚಿಕ್ಕೋಡಿಯ ಓದುಗರೊಬ್ಬರು)

ಉತ್ತರ: ಐಪೈಥಾನ್ ಯೋಜನೆಯಿಂದ 2014ರಲ್ಲಿ ಕವಲೊಡೆದ ಜುಪಿಟರ್‌ನಲ್ಲಿ ವಿವರಣೆ ಮತ್ತು ಆದೇಶಗಳು ‘ಸೆಲ್’ ಎಂಬ ಪ್ರತ್ಯೇಕ ಚೌಕಗಳಲ್ಲಿ ಒಂದರ ಕೆಳಗೊಂದು, ಫಲಿತಾಂಶಗಳು ಆಯಾ ಆದೇಶದ ಅಡಿಯಲ್ಲಿ ಕಾಣಿಸುತ್ತವೆಯಾದರೂ, ಲೆಕ್ಕ ನಡೆಯುವುದು ತೆರೆಯ ಹಿಂದಿನ ‘ಕರ್ನಲ್’ ಎಂಬ ಪ್ರಕ್ರಿಯೆಯಲ್ಲಿ, ಅದು ಪುಟದ ಕ್ರಮವನ್ನಲ್ಲ, ಸೆಲ್‌ಗಳನ್ನು ಚಲಾಯಿಸಿದ ಕ್ರಮವನ್ನು ಮಾತ್ರ ಅನುಸರಿಸುತ್ತದೆ. ಪಠ್ಯಗಳು ಈ ಅಂಶವನ್ನು ಕೊನೆಗೆ ತಳ್ಳಿದರೆ ಅದನ್ನು ದೊಡ್ಡ ದೋಷವೆನ್ನಬೇಕು.

ಅಥಣಿ, ರಾಯಬಾಗ, ಕಾಗವಾಡ ಭಾಗದ ವಿದ್ಯಾರ್ಥಿಗೆ ಪಠ್ಯಗಳ ಉದಾಹರಣೆಗಳಲ್ಲಿ ಬರುವ ಪರದೇಶದ ಹೂವುಗಳ ಅಳತೆಗಿಂತ ಕಬ್ಬಿನ ಬಿಲ್ ಹೆಚ್ಚು ಪರಿಚಿತ. ಟನ್ನಿಗೆ 3,000 ರೂಪಾಯಿಯಂತೆ 40 ಟನ್ ಕಬ್ಬಿಗೆ 1,20,000 ಬಂತೆನ್ನೋಣ (ಅಂಕಿಗಳು ಕಲ್ಪಿತ). ದರದ ಸೆಲ್ಲಿನಲ್ಲಿ 3,200 ಎಂದು ತಿದ್ದಿ, ಆ ಸೆಲ್ಲನ್ನು ಚಲಾಯಿಸದೆ ಮೊತ್ತದ ಸೆಲ್ಲನ್ನಷ್ಟೇ ಚಲಾಯಿಸಿದರೆ ಮತ್ತೆ 1,20,000 ಎಂದೇ ಬರುತ್ತದೆ. ಎರಡನ್ನೂ ಕ್ರಮವಾಗಿ ಚಲಾಯಿಸಿದಾಗ ಮಾತ್ರ 1,28,000. ಇದಕ್ಕಿಂತ ಮೋಸದ್ದು ತೂಕದಲ್ಲಿ 2 ಟನ್ ಕಳೆಯುವ ಸೆಲ್: ಮರೆತು ಎರಡು ಸಲ ಚಲಾಯಿಸಿದರೆ 38ರ ಬದಲು 36 ಉಳಿಯುತ್ತದೆ, ದೋಷದ ಸೂಚನೆಯೂ ಬರುವುದಿಲ್ಲ. ಆದ್ದರಿಂದ ಮೊದಲ ಪಾಠವೇ ಇಂಥ ತಪ್ಪುಗಳನ್ನು ಬೇಕೆಂದೇ ಮಾಡಿಸಿ, ಸೆಲ್ಲಿನ ಎಡಬದಿಯ ಚೌಕ ಆವರಣದ ಕ್ರಮಸಂಖ್ಯೆಯನ್ನು ಓದಿಸಿ, ಬಳಿಕ ಕರ್ನಲನ್ನು ಹೊಸದಾಗಿ ಆರಂಭಿಸಿ ಎಲ್ಲ ಸೆಲ್‌ಗಳನ್ನೂ ಮೇಲಿನಿಂದ ಚಲಾಯಿಸುವ ರೂಢಿಯನ್ನು ಹಾಕಿಸುವುದು ಲೇಸು.

ನಿಪ್ಪಾಣಿಯಂಥ ದ್ವಿಭಾಷಾ ಊರಿನಲ್ಲಿ ವಿವರಣೆಯ ಸೆಲ್ಲನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯಬಹುದು. ಆದೇಶಗಳನ್ನು ಪೈಥಾನ್ 3 ಭಾಷೆಯಲ್ಲಿ ಬರೆಯುವುದಾದರೆ, ಅಂಕಿಯನ್ನು ಇಟ್ಟುಕೊಳ್ಳಲು ‘ದರ’ ಎಂಬ ಕನ್ನಡ ಹೆಸರೂ ನಡೆಯುತ್ತದೆ. ಆದರೆ ಆದೇಶದೊಳಗೆ ನೇರವಾಗಿ ೪೦ ಎಂದು ಬರೆದರೆ ಪೈಥಾನ್ ಒಪ್ಪುವುದಿಲ್ಲ.