ತುಟಿ ಮುಚ್ಚಿದರೂ ನಿಲ್ಲದ ದನಿ

ಬಸ್ಸಿನಲ್ಲಿ ಪಕ್ಕದ ಸೀಟಿನವರು ಪೇಪರ್ ಓದುವಾಗ ತುಟಿ ಅಲ್ಲಾಡುತ್ತಿದ್ದರೆ ನಮಗೆ ಒಳಗೊಳಗೇ ನಗು. ಶಾಲೆಯಲ್ಲಂತೂ ಅದು ಬೈಸಿಕೊಳ್ಳುವ ವಿಷಯ: ಗೊಣಗಬೇಡ, ಓದಿದ ಸಾಲನ್ನೇ ಮತ್ತೆ ಓದಬೇಡ, ಸುಮ್ಮನೆ ಕಣ್ಣಾಡಿಸಿಕೊಂಡು ಹೋಗು. ಹೀಗೆ ಗದರಿಸುವ ಮೇಷ್ಟರ ತುಟಿ ಅಲ್ಲಾಡದಿರಬಹುದು. ಆದರೆ ಅವರ ಗಂಟಲಿಗೆ ಒಂದು ಸೂಕ್ಷ್ಮ ಯಂತ್ರ ಹಚ್ಚಿದರೆ ಬೇರೆಯದೇ ಕಥೆ ಹೊರಬೀಳುತ್ತದೆ.

ಸದ್ದಿಲ್ಲದ ಓದು ಒಂದು ಕಾಲಕ್ಕೆ ಎದ್ದು ಕಾಣುವ ಅಭ್ಯಾಸವಾಗಿತ್ತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಮಿಲಾನ್ ನಗರದ ಬಿಷಪ್ ಆಂಬ್ರೋಸ್ ಬಾಯಿ ತೆರೆಯದೆ ಓದುತ್ತಿದ್ದುದನ್ನು ಕ್ರೈಸ್ತ ಚಿಂತಕ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅದಕ್ಕೆ ಕಾರಣವನ್ನೂ ಅವನೇ ಊಹಿಸುತ್ತಾನೆ: ದನಿ ಕಟ್ಟದಿರಲಿ ಅಂತಿರಬಹುದು, ಇಲ್ಲವೇ ಕೇಳಿಸಿಕೊಂಡವರು ಅರ್ಥ ಹೇಳಿ ಎಂದು ದುಂಬಾಲು ಬೀಳದಿರಲಿ ಅಂತಿರಬಹುದು. ಇದೊಂದನ್ನೇ ಹಿಡಿದುಕೊಂಡು, ಹಳಬರಿಗೆ ಮೌನವಾಗಿ ಓದಲು ಬರುತ್ತಲೇ ಇರಲಿಲ್ಲ ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಅದು ಅತಿಯಾಯಿತು ಎಂದು ಬರ್ನಾರ್ಡ್ ನಾಕ್ಸ್ 1968ರಲ್ಲಿ ತೋರಿಸಿದರು. ಆಂಬ್ರೋಸನಿಗಿಂತ ಎಂಟು ಶತಮಾನ ಹಿಂದಿನ ಗ್ರೀಕ್ ನಾಟಕಗಳಲ್ಲೇ ಪಾತ್ರಗಳು ರಂಗದ ಮೇಲೆ ಓಲೆಯನ್ನು ಸದ್ದಿಲ್ಲದೆ ಓದಿ ಗಾಬರಿ ಬೀಳುತ್ತವೆ.

ನಮ್ಮ ಓಲೆಗರಿಗಳ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ಅವುಗಳಲ್ಲಿ ಪದಪದದ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ; ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ಸಾಲಿನ ತುದಿಯವರೆಗೂ ಸಾಗುತ್ತವೆ. ಅಂಥ ಸಾಲನ್ನು ಉಚ್ಚರಿಸಿ ನೋಡಿದರೆ ಎಲ್ಲಿ ಒಡೆಯಬೇಕು ಎಂಬುದು ಕಿವಿಗೆ ಬೇಗ ಹೊಳೆಯುತ್ತದೆ. ಕುಮಾರವ್ಯಾಸ ಭಾರತವನ್ನು ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಗಮಕ ಇವತ್ತಿಗೂ ಉಳಿದಿದೆ. ಕೂತು ಕೇಳಿದವರಿಗೆ ಗೊತ್ತು, ಪುಸ್ತಕದಲ್ಲಿ ಕಗ್ಗಂಟಾಗಿ ಕಂಡ ಷಟ್ಪದಿ ಗಮಕಿಯ ಬಾಯಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ಗಂಟಲಿಗೆ ಬರೋಣ. ಸ್ನಾಯು ಕೆಲಸ ಮಾಡುವಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಅಳೆಯಬಹುದು. ಬಾಯಿ ಮುಚ್ಚಿ ಓದುವವರ ಗಂಟಲು, ತುಟಿ, ನಾಲಗೆಗಳಲ್ಲಿ ಹೀಗೆ ಅಳೆದಾಗ ಸಣ್ಣ ಮಿಡಿತ ಸಿಗುತ್ತದೆ. ಬರಹ ಕಷ್ಟವಾದಷ್ಟೂ ಅದು ಏರುತ್ತದೆ. 1966ರಲ್ಲಿ ಅಮೆರಿಕದ ಕರ್ಟಿಸ್ ಹಾರ್ಡಿಕ್ ಮತ್ತು ಸಂಗಡಿಗರು ಈ ‘ದೋಷ’ವನ್ನು ತಿದ್ದಲು ಹೊರಟರು. ವಿದ್ಯಾರ್ಥಿಗಳ ಕಿವಿಗೆ ಹೆಡ್‌ಫೋನ್ ಹಾಕಿ, ಗಂಟಲು ಮಿಡಿದಾಗಲೆಲ್ಲ ಅದರಲ್ಲಿ ಸದ್ದು ಬರುವಂತೆ ಮಾಡಿದರು. ಸದ್ದು ಬರದಂತೆ ಓದಿ, ಅಷ್ಟೇ. ಒಂದೇ ಸಲದ ತರಬೇತಿಯಲ್ಲಿ ಗಂಟಲು ತಣ್ಣಗಾಯಿತು. ತಿಂಗಳುಗಳ ನಂತರ ಪರೀಕ್ಷಿಸಿದರೂ ಮಿಡಿತ ಮರಳಿರಲಿಲ್ಲ. ಅಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ಹಾರ್ಡಿಕ್ ಮತ್ತು ಲೂಯಿಸ್ ಪೆಟ್ರಿನೋವಿಚ್ ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಗಂಟಲು ಸುಮ್ಮನಾದವರಿಗೆ ಓದಿದ್ದು ತಲೆಗೆ ಹೋಯಿತೇ? 1970ರಲ್ಲಿ ಬಂದ ಉತ್ತರ ಸ್ವಾರಸ್ಯವಾಗಿದೆ. ಸುಲಭದ ಬರಹಕ್ಕೆ ಏನೂ ವ್ಯತ್ಯಾಸವಾಗಲಿಲ್ಲ. ಕಷ್ಟದ ಬರಹದಲ್ಲಿ ಗ್ರಹಿಕೆ ಕುಸಿಯಿತು. ಕಾನೂನು ನೋಟೀಸನ್ನೋ ತೆರಿಗೆಯ ಕಾಗದವನ್ನೋ ಹಿಡಿದು ಗೊಣಗುತ್ತ ಕೂರುವವರು ಓದಲು ಬಾರದವರಲ್ಲ. ಆ ಹೊತ್ತಿಗೆ ಏನು ಬೇಕೋ ಅದನ್ನೇ ಮಾಡುತ್ತಿದ್ದಾರೆ.

ಕಾರಣವೂ ಹೆಚ್ಚುಕಮ್ಮಿ ಗೊತ್ತಿದೆ. ಉದ್ದನೆಯ ವಾಕ್ಯದ ತುದಿ ಮುಟ್ಟುವವರೆಗೆ ಅದರ ಆರಂಭ ನೆನಪಿನಲ್ಲಿ ನಿಲ್ಲಬೇಕು. ಪದಗಳನ್ನು ಅವುಗಳ ಕ್ರಮದಲ್ಲೇ ಕೆಲವು ಕ್ಷಣ ಹಿಡಿದಿಡಲು ಮೆದುಳು ದನಿಯ ನೆರವು ಪಡೆಯುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಈ ದನಿಯ ದಾರಿಯನ್ನೇ ಕಟ್ಟಿಹಾಕಿ ನೋಡಿದರು. ಏನಾದರೂ ಒಂದು ಮಾತನ್ನು ಬಾಯಲ್ಲಿ ಹೇಳುತ್ತಲೇ ಓದಿದರೆ ವೇಗವೇನೂ ಇಳಿಯುವುದಿಲ್ಲ, ಆದರೆ ವಾಕ್ಯದಲ್ಲಿ ಪದಗಳು ಹಿಂದುಮುಂದಾಗಿದ್ದರೆ ಗಮನಕ್ಕೆ ಬಾರದೆ ನುಸುಳಿಬಿಡುತ್ತವೆ. ಮನೆಯಲ್ಲೇ ಮಾಡಿ ನೋಡಬಹುದು: ‘ಒಂದು, ಒಂದು, ಒಂದು’ ಎನ್ನುತ್ತ ಸಂಪಾದಕೀಯ ಓದಿ. ನಾಲಗೆ ತೊಡರಿಸುವ ಸಾಲುಗಳನ್ನು ಮನಸ್ಸಿನಲ್ಲಿ ಓದಿದರೂ ಓದು ನಿಧಾನವಾಗುತ್ತದೆ ಎಂಬುದೂ ಪ್ರಯೋಗದಲ್ಲಿ ಸಿಕ್ಕ ಸಂಗತಿ. ತರೀಕೆರೆ ಏರಿಯ ಕುರಿಮರಿಗಳು ಬಾಯಿ ತೆರೆಯದವರನ್ನೂ ಬಿಡುವುದಿಲ್ಲ.

ಹಾಗಾದರೆ ಒಳಗೆ ಓದುವುದು ಯಾರ ದನಿ? ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಇಬ್ಬರ ಮಾತನ್ನು ಮೊದಲು ಕೇಳಿಸಿದರು. ಒಬ್ಬರದು ಸರಸರ ಮಾತು, ಇನ್ನೊಬ್ಬರದು ನಿಧಾನ. ಆಮೇಲೆ ಒಂದು ಬರಹ ಕೊಟ್ಟು ‘ಇದು ಅವರಲ್ಲಿ ಇಂಥವರು ಬರೆದದ್ದು’ ಎಂದರು. ನಿಧಾನಸ್ಥರದೆಂದು ತಿಳಿದವರು ಜೋರಾಗಿ ಓದುವಾಗ ನಿಧಾನವಾಗಿ ಓದಿದರು. ಬರಹ ಕಷ್ಟದ್ದಾದರೆ ಮೌನವಾಗಿ ಓದುವಾಗಲೂ ಹಾಗೆಯೇ. ಇಂಗ್ಲೆಂಡಿನ ರೂತ್ ಫಿಲಿಕ್ ಮತ್ತು ಎಮ್ಮಾ ಬಾರ್ಬರ್ 2011ರಲ್ಲಿ ಪ್ರಾಸದ ಚುಟುಕಗಳನ್ನು ಓದಲು ಕೊಟ್ಟು ಕಣ್ಣಿನ ಚಲನೆ ಅಳೆದರು. ಉತ್ತರದವರ ಉಚ್ಚಾರದಲ್ಲಿ ಕೂಡುವ ಪ್ರಾಸ ದಕ್ಷಿಣದವರ ಉಚ್ಚಾರದಲ್ಲಿ ಕೂಡುವುದಿಲ್ಲ, ದಕ್ಷಿಣದ್ದು ಉತ್ತರಕ್ಕೆ ಕೂಡುವುದಿಲ್ಲ. ತಮ್ಮ ಊರಿನ ಮಾತಿಗೆ ಪ್ರಾಸ ತಪ್ಪಿದ ಕಡೆ ಓದುಗರ ಕಣ್ಣು ಎಡವಿತು, ಬಾಯಿ ಪೂರ್ತಿ ಮುಚ್ಚಿಯೇ ಇದ್ದರೂ. ಮೈಸೂರಿನವರು ಬೇಂದ್ರೆಯವರನ್ನು ಮನಸ್ಸಿನಲ್ಲಿ ಓದಿ ‘ಯಾಕೋ ಲಯ ಸಿಗುತ್ತಿಲ್ಲ’ ಎಂದರೆ ನನಗೆ ಆಶ್ಚರ್ಯವಿಲ್ಲ. ಧಾರವಾಡದವರು ಒಮ್ಮೆ ಓದಿ ಹೇಳಿದರೆ ಸಾಕು, ಮುಂದಿನ ಸಲ ಒಳಗಿನ ದನಿಗೇ ಆ ವರಸೆ ಬಂದಿರುತ್ತದೆ.

ಕಾದಂಬರಿಕಾರರು ಗಮನಿಸಬೇಕಾದ ಇನ್ನೊಂದು ಸಂಗತಿ ಗ್ಲಾಸ್ಗೋದಿಂದ ಬಂದಿದೆ. ‘ನಾಳೆ ಬರ್ತೀನಿ’ ಎಂದ ಅನ್ನುವುದಕ್ಕೂ, ನಾಳೆ ಬರುವುದಾಗಿ ಹೇಳಿದ ಅನ್ನುವುದಕ್ಕೂ ಸುದ್ದಿಯಲ್ಲಿ ವ್ಯತ್ಯಾಸವಿಲ್ಲ. ಆದರೆ ಮೆದುಳಿನಲ್ಲಿ ಮನುಷ್ಯರ ದನಿಯನ್ನು ಗುರುತಿಸುವ ಭಾಗಗಳು ಮೊದಲ ಬಗೆಯ ವಾಕ್ಯವನ್ನು ಮೌನವಾಗಿ ಓದುವಾಗ ಹೆಚ್ಚು ಚುರುಕಾಗುತ್ತವೆ. ಪಾತ್ರಗಳ ಮಾತು ‘ಕೇಳಿಸುತ್ತದೆ’ ಎಂದು ಓದುಗರು ಹೇಳುವುದು ಬರೀ ಹೊಗಳಿಕೆಯಲ್ಲ. ಒಳದನಿಯೇ ಇಲ್ಲವೆನ್ನುವವರೂ ಇದ್ದಾರೆ. ಅಂಥವರನ್ನು ಪರೀಕ್ಷಿಸಿದ 2024ರ ಅಧ್ಯಯನದಲ್ಲಿ ಅವರು ಪ್ರಾಸ ಗುರುತಿಸುವುದರಲ್ಲಿ, ಪದಗಳನ್ನು ನೆನಪಿಡುವುದರಲ್ಲಿ ತುಸು ಹಿಂದೆ ಬಿದ್ದರು.

ಇನ್ನು ಕಣ್ಣಿನ ವಿಷಯ. ಕಣ್ಣು ಸಾಲಿನ ಮೇಲೆ ಜಾರುತ್ತದೆ ಎಂದು ನಮಗನ್ನಿಸುವುದು ಭ್ರಮೆ. ಅದು ಕುಪ್ಪಳಿಸುತ್ತದೆ, ಕಾಲು ಸೆಕೆಂಡಿನಷ್ಟು ನಿಲ್ಲುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಜರ್ಮನಿಯ ಎವಾಲ್ಡ್ ಹೆರಿಂಗ್ 1879ರಲ್ಲಿ ರೆಪ್ಪೆಯ ಮೇಲೆ ರಬ್ಬರು ಕೊಳವೆ ಇಟ್ಟು ಕಣ್ಣಿನ ಸ್ನಾಯುಗಳ ಸದ್ದನ್ನು ಕಿವಿಯಿಂದ ಕೇಳಿ ಇದನ್ನು ಗುರುತಿಸಿದ. ಇಂಗ್ಲಿಷ್ ಓದುವವರಲ್ಲಿ ಈ ಕುಪ್ಪಳಿಕೆಗಳ ಪೈಕಿ ಶೇಕಡಾ 10ರಿಂದ 15ರಷ್ಟು ಹಿಂದಕ್ಕೆ. ಅಂದರೆ ಚೆನ್ನಾಗಿ ಓದುವವರೂ ಸದಾ ಹಿಂತಿರುಗಿ ನೋಡುತ್ತಲೇ ಇರುತ್ತಾರೆ. ಇದನ್ನು ನಿಲ್ಲಿಸಿದರೆ ಸಮಯ ಉಳಿಯುತ್ತದೆ ಎಂಬುದು ವೇಗದ ಓದನ್ನು ಮಾರುವವರ ಹಳೆಯ ಮಂತ್ರ. 1959ರಲ್ಲಿ ಎವೆಲಿನ್ ವುಡ್ ಆರಂಭಿಸಿದ ತರಗತಿಗಳಿಂದ ಹಿಡಿದು, ಒಂದೊಂದೇ ಪದವನ್ನು ಪರದೆಯ ಮೇಲೆ ಮಿಂಚಿಸುವ ಇಂದಿನ ಆ್ಯಪ್‌ಗಳವರೆಗೆ ಅದೇ ಮಾತು. 2014ರಲ್ಲಿ ಎಲಿಜಬೆತ್ ಶಾಟರ್, ಕೀತ್ ರೇನರ್ ಮತ್ತು ಸಂಗಡಿಗರು ಓದಿ ಮುಗಿದ ಪದಗಳು ಕಣ್ಣು ದಾಟಿದೊಡನೆ ಅಳಿಸಿಹೋಗುವಂತೆ ಮಾಡಿ ನೋಡಿದರು. ಹಿಂದಿರುಗಿದರೂ ಅಲ್ಲಿ ಏನೂ ಇಲ್ಲದಾಗ ಅರ್ಥಗ್ರಹಣ ಕೆಟ್ಟಿತು. ಆ್ಯಪ್‌ಗೆ ದುಡ್ಡು ಕೊಡುವ ಮೊದಲು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ವೇಗದ ಲೆಕ್ಕವನ್ನೂ ಇಂಗ್ಲಿಷಿನಿಂದ ಎತ್ತಿ ತರಲಾಗದು. ಅಲ್ಲಿ ವಯಸ್ಕರು ಮೌನವಾಗಿ ನಿಮಿಷಕ್ಕೆ ಸುಮಾರು 238 ಪದ, ಜೋರಾಗಿ 183 ಪದ ಓದುತ್ತಾರೆ. ಆದರೆ ಅಲ್ಲಿ ಐದಾರು ಪದ ಹೇಳುವುದನ್ನು ನಮ್ಮ ‘ಬರಲಾರದವರಿಂದಲೂ’ ಎಂಬ ಒಂದೇ ಪದ ಹೇಳಿ ಮುಗಿಸುತ್ತದೆ. ಕಾಗುಣಿತ, ಒತ್ತಕ್ಷರ ಸೇರಿ ನಮ್ಮ ಮಕ್ಕಳು ಕಲಿಯಬೇಕಾದ ರೂಪಗಳೂ ನಾನೂರನ್ನು ಮೀರುತ್ತವೆ. ನಾಲ್ಕನೆಯ ತರಗತಿಯ ಹೊತ್ತಿಗೂ ಅವು ಪೂರ್ತಿ ಕೈವಶವಾಗಿರುವುದಿಲ್ಲ ಎಂದು ಸೊನಾಲಿ ನಾಗ್ ಅವರ ಅಧ್ಯಯನ ತೋರಿಸಿದೆ. ಎರಡನೆಯ ತರಗತಿಯ ಮಗು ಬೆರಳಿಟ್ಟು, ಬಾಯಿಬಿಟ್ಟು ಓದಿದರೆ ಬಿಟ್ಟುಬಿಡಿ.

ಜೋರಾಗಿ ಓದುವವರ ಚಟ ಬೇರೆ. ಅವರ ಕಣ್ಣು ಬಾಯಿಗಿಂತ ಒಂದೆರಡು ಪದ ಮುಂದೆಯೇ ಇರುತ್ತದೆ. ಪುಟದ ಮೇಲೆ ಥಟ್ಟನೆ ಕೈ ಮುಚ್ಚಿದರೂ ಬಾಯಿ ತುಸು ದೂರ ಓದುತ್ತಾ ಹೋಗುತ್ತದೆ. ಉರು ಹೊಡೆಯುವ ಮಕ್ಕಳ ಪರವಾಗಿ ಕೆನಡಾದ ಕಾಲಿನ್ ಮ್ಯಾಕ್ಲಿಯಾಡ್ ಅವರ ಪ್ರಯೋಗಗಳಿವೆ: ಬಾಯಿಬಿಟ್ಟು ಓದಿದ ಪದಗಳು ಸುಮ್ಮನೆ ಓದಿದವಕ್ಕಿಂತ ಚೆನ್ನಾಗಿ ನೆನಪಿರುತ್ತವೆ. ತಮ್ಮದೇ ದನಿಯನ್ನು ರೆಕಾರ್ಡ್ ಮಾಡಿ ಕೇಳುವುದಕ್ಕಿಂತಲೂ ಆಗಲೇ ಬಾಯಲ್ಲಿ ಓದುವುದು ಮೇಲು. ಆದರೆ ಎಲ್ಲವನ್ನೂ ಗಟ್ಟಿಯಾಗಿ ಓದಿದರೆ ಲಾಭ ಕುಗ್ಗುತ್ತದೆ, ಏಕೆಂದರೆ ದನಿ ಸಿಕ್ಕಿದ್ದು ಸಿಗದ್ದರ ನಡುವೆ ಎದ್ದು ನಿಲ್ಲುವುದರಿಂದಲೇ ನೆನಪಾಗುತ್ತದೆ. ಪಾಠವನ್ನು ಮೌನವಾಗಿ ಓದಿಕೊಂಡು ಸೂತ್ರ, ಇಸವಿ, ವ್ಯಾಖ್ಯೆಗಳನ್ನಷ್ಟೇ ಬಾಯಿಬಿಟ್ಟು ಓದುವುದು ಜಾಣತನ. ಬಾಯಿ ಓದುತ್ತಿದೆ ಎಂದರೆ ಮನಸ್ಸೂ ಅಲ್ಲೇ ಇದೆ ಎಂಬ ಖಾತರಿ ಮಾತ್ರ ಇಲ್ಲ. ಗಟ್ಟಿ ಓದಿನಲ್ಲಿ ಮನಸ್ಸು ಕಡಿಮೆ ಅಲೆಯುತ್ತದೆ ಎಂದು 2013ರಲ್ಲಿ ಒಂದು ತಂಡ ಹೇಳಿದರೆ, ಹೆಚ್ಚು ಅಲೆಯುತ್ತದೆ ಎಂದು ಮರುವರ್ಷ ಇನ್ನೊಂದು ತಂಡ ಹೇಳಿತು. ಮೊಮ್ಮಗುವಿಗೆ ಅದೇ ಕಥೆಯನ್ನು ಹತ್ತನೆಯ ಸಲ ಓದಿ ಹೇಳುತ್ತ ನಾಳೆಯ ತಿಂಡಿಗೆ ಏನು ನೆನೆಹಾಕಬೇಕೆಂದು ಯೋಚಿಸುವ ಅಜ್ಜಿಯರನ್ನು ಕೇಳಿದ್ದರೆ ಎರಡನೆಯ ತಂಡದ ಕಡೆಗೇ ಕೈ ಎತ್ತುತ್ತಿದ್ದರು.