ಘಟ್ಟದ ತುದಿಯಲ್ಲಿ ಗೆಲ್ಲುವವರು ಯಾರು?

ನಿಮಗೊಂದು ಪ್ರಶ್ನೆ. ಇಬ್ಬರು ಸೈಕಲ್ ಸವಾರರು ಪಂದ್ಯಕ್ಕೆ ನಿಂತಿದ್ದಾರೆ. ಒಬ್ಬ ಎತ್ತರದ ಆಳು, 80 ಕಿಲೋ. ಇನ್ನೊಬ್ಬ ಸಣಕಲ, 60 ಕಿಲೋ. ನಮ್ಮ ಬೆಳಕೆಯಿಂದ ಹೊನ್ನಾವರದವರೆಗೆ ಹೆದ್ದಾರಿಯಲ್ಲಿ ಓಡಿಸಿದರೆ ಗೆಲ್ಲುವವರು ಯಾರು? ದೊಡ್ಡ ಆಳೇ ಅಂತ ನೀವು ಹೇಳುತ್ತೀರಿ. ಹೆಚ್ಚಾಗಿ ಅದು ಸರಿಯೇ. ಆದರೆ ಪಂದ್ಯ ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟದ ಮೇಲೆ ಮುಗಿಯುವುದಾದರೆ? ಆಗ ಉತ್ತರ ಬದಲಾಗಬಹುದು. ಯಾಕೆ ಅಂತ ತಿಳಿಯೋಣ ಬನ್ನಿ.

ಬಯಲಿನಲ್ಲಿ ಗಾಳಿ, ಘಟ್ಟದಲ್ಲಿ ಭಾರ

ಸಮ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಮುಖ್ಯ ಶತ್ರು ಗಾಳಿ. ಅದನ್ನು ಸೀಳಲು ಒಟ್ಟು ಶಕ್ತಿ ಜಾಸ್ತಿ ಬೇಕು. ಅದಕ್ಕೇ ಸವಾರರು ಒಬ್ಬರ ಬೆನ್ನ ಹಿಂದೆ ಒಬ್ಬರು ಅಂಟಿಕೊಂಡು ಹೋಗುತ್ತಾರೆ. ಹಿಂದಿನವನಿಗೆ ಗಾಳಿ ಕಡಿಮೆ ತಾಗುತ್ತದೆ.

ಏರಿನಲ್ಲಿ ವೇಗ ಕಡಿಮೆ, ಗಾಳಿಯ ಕಾಟವೂ ಕಡಿಮೆ. ಆದರೆ ಭೂಮಿ ನಮ್ಮನ್ನು ಕೆಳಗೆ ಎಳೆಯುತ್ತದೆ. ರೇಶನ್ ಅಕ್ಕಿ ಚೀಲವನ್ನು ಕ್ಯಾರಿಯರ್‌ಗೆ ಕಟ್ಟಿ ತಂದವರಿಗೆ ಇದು ಗೊತ್ತುಂಟು. ಸಮದಲ್ಲಿ ಚೀಲ ಇರುವುದೇ ಗೊತ್ತಾಗುವುದಿಲ್ಲ, ಏರು ಬಂದ ಕೂಡಲೇ ಇಳಿದು ದೂಡಬೇಕು!

ಈಗ ಲೆಕ್ಕ ಮಾಡೋಣ. ಸವಾರನ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ. ಬಲ್ಬಿನ ಮೇಲೆ ಬರೆದಿರುತ್ತದಲ್ಲ, ಅದೇ ವ್ಯಾಟ್. ದೊಡ್ಡ ಆಳು 400 ವ್ಯಾಟ್ ತುಳಿಯುತ್ತಾನೆ ಎಂದಿಟ್ಟುಕೊಳ್ಳಿ. ಅದನ್ನು 80ರಿಂದ ಭಾಗಿಸಿದರೆ ಕಿಲೋಗೆ 5 ವ್ಯಾಟ್. ಸಣಕಲ 330 ವ್ಯಾಟ್ ಮಾತ್ರ ತುಳಿಯುತ್ತಾನೆ. 60ರಿಂದ ಭಾಗಿಸಿದರೆ 5.5 ವ್ಯಾಟ್. ಒಟ್ಟು ಶಕ್ತಿ ದೊಡ್ಡವನದ್ದೇ ಜಾಸ್ತಿ, ಆದರೆ ಘಟ್ಟ ಹತ್ತುವುದರಲ್ಲಿ ಸಣಕಲನೇ ಮುಂದೆ. ಘಟ್ಟದಲ್ಲಿ ಗೆಲ್ಲುವವರನ್ನು ಊಹಿಸಲು ಇದು ಮೊದಲನೆಯ ಸೂತ್ರ.

ಎಂಥ ಏರು?

ಎರಡನೆಯದಾಗಿ ಏರನ್ನು ನೋಡಬೇಕು. ನೂರು ಮೀಟರ್ ರಸ್ತೆಗೆ 8 ಮೀಟರ್ ಮೇಲೇರಿದರೆ ಅದು ಶೇ. 8ರ ಏರು. ಬೆಲ್ಜಿಯಂ ದೇಶದ ಒಂದು ಪ್ರಸಿದ್ಧ ಪಂದ್ಯ ಹುಯಿ ಎಂಬ ಊರಿನ ಏರಿನಲ್ಲಿ ಮುಗಿಯುತ್ತದೆ. ಉದ್ದ 1.3 ಕಿ.ಮೀ. ಮಾತ್ರ, ಆದರೆ ಗೋಡೆಯ ಹಾಗೆ ಕಡಿದು. ಅಲ್ಲಿ ಕೆಲವೇ ನಿಮಿಷ ಜೀವ ಬಿಟ್ಟು ತುಳಿಯುವವರು ಬೇಕು. ಸ್ಪೇನಿನ ವಾಲ್ವೆರ್ದೆ ಅಲ್ಲಿ 5 ಸಲ ಗೆದ್ದಿದ್ದಾನೆ. ಉದ್ದದ ಘಟ್ಟ ಬೇರೆ. ಅಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಒಂದೇ ಸಮ ತುಳಿಯುವವರು ಬೇಕು.

ನಮ್ಮ ಹತ್ತಿರದ ಉದಾಹರಣೆ ಎಂದರೆ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಟ್ಟ. ಅದಕ್ಕೆ 36 ಹೇರ್‌ಪಿನ್ ತಿರುವುಗಳು. 2008ರಲ್ಲಿ ಬೆಂಗಳೂರಿನವರು ಶುರು ಮಾಡಿದ 'ಟೂರ್ ಆಫ್ ನೀಲಗಿರೀಸ್' ಸೈಕಲ್ ಯಾತ್ರೆಯಲ್ಲಿ ಇದನ್ನು ಹತ್ತುವುದಕ್ಕೇ ಪೈಪೋಟಿ. ಅವರು ವೃತ್ತಿ ಸವಾರರಲ್ಲ, ಆದರೆ ಘಟ್ಟದ ಲೆಕ್ಕ ಎಲ್ಲರಿಗೂ ಒಂದೇ.

ಲೆಕ್ಕ ತಪ್ಪಿಸುವ ಸಂಗತಿಗಳು

ಹಾಗಾದರೆ ತಕ್ಕಡಿ ಮತ್ತು ಭಾಗಾಕಾರ ಗೊತ್ತಿದ್ದರೆ ಸಾಕಾ? ಸಾಲದು! ಟೂರ್ ಡಿ ಫ್ರಾನ್ಸ್ ಎಂಬುದು 1903ರಲ್ಲಿ ಶುರುವಾದ ಪಂದ್ಯ. ಮೂರು ವಾರ ನಡೆಯುತ್ತದೆ. ಎಲ್ಲ ದಿನಗಳ ಸಮಯ ಕೂಡಿಸಿ, ಯಾರದು ಕಡಿಮೆಯೋ ಅವರಿಗೆ ಹಳದಿ ಅಂಗಿ.

2022ರ ಜುಲೈ 13ರಂದು ಅಂಗಿ ಸ್ಲೊವೇನಿಯಾದ ಪೊಗಾಚರ್ ಮೈಮೇಲಿತ್ತು. ಕೊನೆಯ ಏರು ಗ್ರಾನೋನ್, 2413 ಮೀಟರ್ ಎತ್ತರ. ಆದರೆ ಅದಕ್ಕೂ ಮೊದಲೇ, ಗಾಲಿಬಿಯೇ ಎಂಬ ಇನ್ನೊಂದು ಘಟ್ಟದಲ್ಲಿ, ಒಂದೇ ತಂಡದ ವಿಂಗೆಗೋರ್ ಮತ್ತು ರೊಗ್ಲಿಚ್ ಸರದಿಯ ಮೇಲೆ ಮುನ್ನುಗ್ಗಿದರು. ಪೊಗಾಚರ್ ಇಬ್ಬರನ್ನೂ ಬೆನ್ನಟ್ಟಿ ಬೆನ್ನಟ್ಟಿ ಸುಸ್ತಾದ. ಗ್ರಾನೋನ್‌ನಲ್ಲಿ ಡೆನ್ಮಾರ್ಕಿನ ವಿಂಗೆಗೋರ್ ಗೆದ್ದ. ಪೊಗಾಚರ್ ಸುಮಾರು 3 ನಿಮಿಷ ಕಳೆದುಕೊಂಡ, ಅಂಗಿಯೂ ಹೋಯಿತು. ಜೊತೆಗಾರರ ಬಲ ನೋಡಬೇಕು ಎಂಬುದು ಮೂರನೆಯ ಸೂತ್ರ.

ಮರುದಿನವೇ ಆಲ್ಪ್ ದುಯೇಜ್ ಎಂಬ 21 ತಿರುವುಗಳ ಘಟ್ಟ. ಅಲ್ಲಿ ಈ ಇಬ್ಬರೂ ಗೆಲ್ಲಲಿಲ್ಲ! ಇಂಗ್ಲೆಂಡಿನ ಪಿಡ್‌ಕಾಕ್ ಮೊದಲೇ ಮುಂದೆ ಹೋದ ಗುಂಪಿನಲ್ಲಿದ್ದು ಗೆದ್ದ. ದೊಡ್ಡವರು 3 ನಿಮಿಷಕ್ಕಿಂತ ಹಿಂದೆ ಬಂದರು. ಒಟ್ಟು ಲೆಕ್ಕದಲ್ಲಿ ಅವನು ತುಂಬ ಹಿಂದಿದ್ದ, ಆದ್ದರಿಂದ ಅವನನ್ನು ಹಿಡಿಯುವ ಅವಸರ ಅವರಿಗೆ ಇರಲಿಲ್ಲ. ಮುಂದೆ ಹೋದವರನ್ನು ಬಿಟ್ಟುಕೊಡುತ್ತಾರಾ ಎಂದು ನೋಡುವುದು ನಾಲ್ಕನೆಯ ಸೂತ್ರ.

ಹೆಂಗಸರ ಪಂದ್ಯವೂ ಉಂಟು. 2024ರಲ್ಲಿ ಅದರ ಕೊನೆಯ ದಿನ ಇದೇ ಆಲ್ಪ್ ದುಯೇಜ್ ಮೇಲೆ ಮುಗಿಯಿತು. ಘಟ್ಟದ ತುದಿಗೆ ಮೊದಲು ಬಂದವಳು ನೆದರ್ಲೆಂಡಿನ ವೊಲೆರಿಂಗ್. ಆದರೆ ಅವಳು ಹಿಂದಿನ ಒಂದು ದಿನ ಬಿದ್ದು ಸಮಯ ಕಳೆದುಕೊಂಡಿದ್ದಳು. ಪೋಲೆಂಡಿನ ನೇವಿಯಾದೋಮಾ ಹಿಂದೆ ಬಿದ್ದರೂ ಪೆಡಲ್ ಬಿಡಲಿಲ್ಲ. ಎಂಟು ಹಂತ ಕೂಡಿಸಿ ನೋಡಿದರೆ ಅವಳು 4 ಸೆಕೆಂಡಿನಿಂದ ಗೆದ್ದಿದ್ದಳು! ನಾಲ್ಕು ಸೆಕೆಂಡ್ ಅಂದರೆ ನೀವು ಈ ಸಾಲು ಓದುವಷ್ಟು ಹೊತ್ತು.

ಆದ್ದರಿಂದ ಘಟ್ಟದ ಪಂದ್ಯಕ್ಕೆ ಒಂದೇ ಹೆಸರು ಹೇಳಬಾರದು. ಹತ್ತುವುದರಲ್ಲಿ ಗಟ್ಟಿಗರು ಇಬ್ಬರು, ಮೊದಲೇ ಮುಂದೆ ಓಡುವವನು ಒಬ್ಬ, ಹೀಗೆ ಮೂರು ಹೆಸರು ಬರೆದಿಡಬೇಕು.

ನಮಗೆ ಇದರಿಂದ ಏನು?

ಆಟದ ಪೀರಿಯಡ್‌ನಲ್ಲಿ ತಂಡ ಮಾಡುವಾಗ ದೊಡ್ಡ ಮೈಯವರ ಹೆಸರು ಮೊದಲು ಬರುತ್ತದೆ. ಸಣ್ಣವರು ಕೊನೆಗೆ ಉಳಿಯುತ್ತೇವೆ, ಕೆಲವು ಸಲ ಗೆರೆಯ ಹೊರಗೆ ಚಪ್ಪಲಿ ಕಾಯುತ್ತೇವೆ. ಕಬಡ್ಡಿಗೆ ಆ ಲೆಕ್ಕ ಸರಿ ಇರಬಹುದು. ಆದರೆ ಎಲ್ಲ ಆಟಕ್ಕೂ ಒಂದೇ ತಕ್ಕಡಿ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆ ಬಯಲು ನಾಡು, ಅಲ್ಲಿಂದ ಎಷ್ಟೋ ಒಳ್ಳೆಯ ಸೈಕಲ್ ಪಟುಗಳು ಬಂದಿದ್ದಾರೆ. ನಮಗಂತೂ ಪೂರ್ವಕ್ಕೆ ತಿರುಗಿದರೆ ಘಟ್ಟವೇ ಉಂಟು. ಯಾರು ಯಾವುದಕ್ಕೆ ಸರಿ ಎಂದು ಹತ್ತಿಸಿ ನೋಡದೆ ಹೇಳುವುದು ಹೇಗೆ? ಹಾಗಂತ ಹಗುರಾಗಲು ಊಟ ಬಿಡಬೇಡಿ. ಊಟ ಬಿಟ್ಟರೆ ಭಾರದ ಜೊತೆ ವ್ಯಾಟ್ ಸಹ ಇಳಿಯುತ್ತದೆ!

ನಿಮಗೊಂದು ಲೆಕ್ಕ: ಅ ಎಂಬವನ ತೂಕ 72 ಕಿಲೋ, ಶಕ್ತಿ 360 ವ್ಯಾಟ್. ಆ ಎಂಬವಳ ತೂಕ 50 ಕಿಲೋ, ಶಕ್ತಿ 260 ವ್ಯಾಟ್. ದೇವಿಮನೆ ಘಟ್ಟವನ್ನು ಮೊದಲು ಹತ್ತುವವರು ಯಾರು? ಉತ್ತರವನ್ನು ಚೀಟಿಯಲ್ಲಿ ಬರೆದು ಶನಿವಾರದೊಳಗೆ ಕೊಡಿ.

— 7ನೇ ತರಗತಿ ವಿದ್ಯಾರ್ಥಿನಿ